ಗಡಿಯಾಚೆಯ ಗೋಪುರ, ಗುಡ್ಡಗಾಡಿನ ಹಾಡು

ಅಮೆರಿಕದ ಟೆಕ್ಸಾಸ್ ರಾಜ್ಯದ ಅಂಚಿನಲ್ಲಿ ರಿಯೋ ಗ್ರಾಂಡೆ ನದಿ ಹರಿಯುತ್ತದೆ. ಈಚೆ ದಡದಲ್ಲಿ ಡೆಲ್ ರಿಯೋ ಎಂಬ ಊರು, ಆಚೆ ದಡದಲ್ಲಿ ಮೆಕ್ಸಿಕೋಗೆ ಸೇರಿದ ವಿಯಾ ಅಕುನ್ಯಾ. ಕುರಿಯ ಉಣ್ಣೆ, ಆಡಿನ ಕೂದಲಿನ ವ್ಯಾಪಾರವನ್ನು ಬಿಟ್ಟರೆ ಹೊರಗಿನವರು ಬರಲು ಬೇರೆ ಕಾರಣವೇ ಇಲ್ಲದ ಸೀಮೆ ಅದು. 1931ರಲ್ಲಿ ಮೆಕ್ಸಿಕೋದ ದಡದಲ್ಲಿ ಮುನ್ನೂರು ಅಡಿ ಎತ್ತರದ ಎರಡು ಉಕ್ಕಿನ ಗೋಪುರಗಳು ಎದ್ದು ನಿಂತವು. ಆ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿಂದ ಪ್ರಸಾರ ಆರಂಭಿಸಿದ ರೇಡಿಯೋ ನಿಲಯದ ಹೆಸರು ಎಕ್ಸ್‌ಇಆರ್. ಮುಂದೆ ಅದೇ ಎಕ್ಸ್‌ಇಆರ್‌ಎ ಆಯಿತು. ಮೆಕ್ಸಿಕೋದ ನೆಲದಲ್ಲಿ ನಿಂತು, ಇಂಗ್ಲಿಷಿನಲ್ಲಿ ಮಾತನಾಡುತ್ತ, ಅಮೆರಿಕದ ಹಳ್ಳಿಗರಿಗೆ ಹಾಡು ಕೇಳಿಸುತ್ತಿದ್ದ ಈ ನಿಲಯ ಹತ್ತು ವರ್ಷವೂ ಪೂರ್ತಿ ಬಾಳಲಿಲ್ಲ. ಆದರೂ 'ಕಂಟ್ರಿ ಮ್ಯೂಸಿಕ್' ಎಂದು ಇಂದು ಜಗತ್ತಿಗೆಲ್ಲ ಪರಿಚಿತವಾಗಿರುವ ಅಮೆರಿಕದ ಹಳ್ಳಿಗಾಡಿನ ಸಂಗೀತದ ಚರಿತ್ರೆಯನ್ನು ಇದನ್ನು ಬಿಟ್ಟು ಬರೆಯಲಾಗದು.

ವಿಚಿತ್ರವೆಂದರೆ, ಈ ನಿಲಯವನ್ನು ಕಟ್ಟಿದವನಿಗೆ ಸಂಗೀತದ ಗೀಳೇನೂ ಇರಲಿಲ್ಲ. ಆತ ಔಷಧಿ ಮಾರುವವನು.

ನಮ್ಮ ಸಂತೆಗಳಲ್ಲಿ ಔಷಧಿ ಮಾರುವವರನ್ನು ನೋಡಿದವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಡೋಲು ಬಡಿದು, ಹಾವನ್ನೋ ಕೋತಿಯನ್ನೋ ತೋರಿಸಿ ಜನರನ್ನು ಸೇರಿಸುತ್ತಾರೆ. ಬೇರು, ತೈಲ, ಲೇಹ್ಯಗಳ ಗಂಟು ಬಿಚ್ಚುವುದು ಆಮೇಲೆ. ಅಮೆರಿಕದಲ್ಲೂ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಇಂಥ ಔಷಧಿ ಮೇಳಗಳಿದ್ದವು. ಕುದುರೆಗಾಡಿಯ ಮೇಲೆ ನಿಂತು ಒಬ್ಬ ಬ್ಯಾಂಜೋ ನುಡಿಸಿದರೆ, ಇನ್ನೊಬ್ಬ ಸರ್ವರೋಗಕ್ಕೂ ಒಂದೇ ಸೀಸೆ ಮಾರುತ್ತಿದ್ದ. ರೇಡಿಯೋ ಬಂದಾಗ ಬದಲಾದದ್ದು ಗಾಡಿಯಷ್ಟೇ. ಊರೂರು ಅಲೆಯಬೇಕಾಗಿದ್ದ ಮೇಳ ಒಂದೇ ಕಡೆ ಕುಳಿತು ಇಡೀ ಖಂಡವನ್ನು ಸುತ್ತಲು ಕಲಿಯಿತು.

ಕಲಿಸಿದವರಲ್ಲಿ ಮೊದಲಿಗನೆನ್ನಬಹುದಾದ ಜಾನ್ ಆರ್. ಬ್ರಿಂಕ್ಲಿ ಹುಟ್ಟಿದ್ದು 1885ರಲ್ಲಿ, ಉತ್ತರ ಕೆರೊಲಿನಾದ ಗುಡ್ಡಗಾಡಿನ ಬಡ ಮನೆತನವೊಂದರಲ್ಲಿ. ದುಡ್ಡು ಕೊಟ್ಟವರಿಗೆ ಪದವಿ ಕೊಡುತ್ತಿದ್ದ ಕಾಲೇಜೊಂದರಿಂದ ವೈದ್ಯಪದವಿ ಸಂಪಾದಿಸಿ, 1917ರಲ್ಲಿ ಕಾನ್ಸಾಸ್ ರಾಜ್ಯದ ಮಿಲ್‌ಫರ್ಡ್ ಎಂಬ ಕುಗ್ರಾಮದಲ್ಲಿ ನೆಲೆಯೂರಿದ. ಪುರುಷತ್ವ ಕುಂದಿದವರಿಗೆ ಹೋತದ ವೃಷಣದ ತುಣುಕನ್ನು ಶಸ್ತ್ರಚಿಕಿತ್ಸೆಯ ಮೂಲಕ ಸೇರಿಸಿದರೆ ಮತ್ತೆ ಯೌವನ ಬರುತ್ತದೆ ಎಂಬುದು ಆತನ ಘೋಷಣೆ. ಶುಲ್ಕ 750 ಡಾಲರ್. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಅದರಲ್ಲಿ ವಿಜ್ಞಾನ ಎಳ್ಳಷ್ಟೂ ಇರಲಿಲ್ಲ. ಆದರೆ ನಮ್ಮ ಬಸ್ ನಿಲ್ದಾಣಗಳ ಗೋಡೆಗಳ ಮೇಲೆ ಇಂದಿಗೂ ಕಾಣುವ 'ಗುಪ್ತರೋಗ ತಜ್ಞ'ರ ಭಿತ್ತಿಪತ್ರಗಳನ್ನು ನೆನೆದರೆ, ಆತನ ಬಾಗಿಲಿಗೆ ಜನ ಮುಗಿಬಿದ್ದದ್ದು ಆಶ್ಚರ್ಯವೆನಿಸದು.

1923ರಲ್ಲಿ ಬ್ರಿಂಕ್ಲಿ ಮಿಲ್‌ಫರ್ಡ್‌ನಲ್ಲೇ ಕೆಎಫ್‌ಕೆಬಿ ಎಂಬ ರೇಡಿಯೋ ನಿಲಯ ತೆರೆದ. ಪಿಟೀಲು, ಬ್ಯಾಂಜೋ, ಹಳ್ಳಿಯ ಹಾಡು, ದೇವರ ಮಾತು, ಪೇಟೆ ಧಾರಣೆ, ನಡುನಡುವೆ ವೈದ್ಯರ ಉಪನ್ಯಾಸ. ಕೇಳುಗರು ತಮ್ಮ ಕಾಯಿಲೆಯ ವಿವರ ಬರೆದರೆ ಆತ ಅದನ್ನು ಗಾಳಿಯಲ್ಲೇ ಓದಿ, ಇಂಥ ಸಂಖ್ಯೆಯ ಔಷಧಿ ಕೊಳ್ಳಿ ಎಂದು ಸೂಚಿಸುತ್ತಿದ್ದ. ಆ ಸಂಖ್ಯೆಯ ಸೀಸೆಗಳನ್ನು ಇಟ್ಟುಕೊಂಡ ಔಷಧಿ ಅಂಗಡಿಗಳಿಂದ ಆತನಿಗೆ ಪಾಲು ಬರುತ್ತಿತ್ತು. ರೋಗಿಯ ಮುಖ ನೋಡದ, ನಾಡಿ ಹಿಡಿಯದ ವೈದ್ಯ!

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಸಂಗೀತದ ಬೆನ್ನೇರಿ ಸರಕು ಮಾರಿದವನು ಬ್ರಿಂಕ್ಲಿ ಒಬ್ಬನೇ ಅಲ್ಲ. ಹಳ್ಳಿ ಸಂಗೀತದ ಪುಣ್ಯಕ್ಷೇತ್ರವೆನಿಸಿದ ನ್ಯಾಶ್‌ವಿಲ್‌ನ ಡಬ್ಲ್ಯೂಎಸ್‌ಎಂ ನಿಲಯವನ್ನು 1925ರಲ್ಲಿ ತೆರೆದದ್ದು ಒಂದು ವಿಮಾ ಕಂಪನಿ. ಷಿಕಾಗೋದ ಡಬ್ಲ್ಯೂಎಲ್‌ಎಸ್ ನಿಲಯವನ್ನು 1924ರಲ್ಲಿ ಆರಂಭಿಸಿದ್ದು ಅಂಚೆಯ ಮೂಲಕ ಸಾಮಾನು ಮಾರುತ್ತಿದ್ದ ಸಿಯರ್ಸ್ ಸಂಸ್ಥೆ. ಅಯೋವಾ ರಾಜ್ಯದ ಶೆನಾಂಡೋ ಎಂಬ ಪುಟ್ಟ ಊರಿನಲ್ಲಿ ಹೆನ್ರಿ ಫೀಲ್ಡ್ ಮತ್ತು ಅರ್ಲ್ ಮೇ ಎಂಬ ಇಬ್ಬರು ಬೀಜದ ವ್ಯಾಪಾರಿಗಳು ಪೈಪೋಟಿಯ ಮೇಲೆ ಒಂದೊಂದು ನಿಲಯ ನಡೆಸುತ್ತಿದ್ದರು. ಮುಂದೆ ಜಗದ್ವಿಖ್ಯಾತರಾದ ಎವರ್ಲಿ ಸೋದರರು ಬಾಲಕರಾಗಿ ತಂದೆತಾಯಿಯರೊಡನೆ ಹಾಡಿದ್ದು ಅದರಲ್ಲೊಂದರಲ್ಲಿ. ನ್ಯೂಯಾರ್ಕಿನ ದೊಡ್ಡ ಪ್ರಸಾರ ಜಾಲಗಳಿಗೆ ಈ ಹಾಡುಗಳ ಬಗ್ಗೆ ತಾತ್ಸಾರವಿತ್ತು. ಅವರಿಗದು 'ಹಿಲ್‌ಬಿಲ್ಲಿ', ಅಂದರೆ ಗುಡ್ಡದ ಗಮಾರರ ಸಂಗೀತ. ಹೀಗಾಗಿ ಆ ಹಾಡಿಗೆ ಬಾಗಿಲು ತೆರೆದವರು ಗುಡ್ಡದವರಿಗೆ ಏನನ್ನಾದರೂ ಮಾರಬೇಕಾಗಿದ್ದ ವ್ಯಾಪಾರಿಗಳು. ವಿಮೆ ಮಾರಿದವನಿಗೂ ಬೀಜ ಮಾರಿದವನಿಗೂ ಹೋತದ ವೃಷಣ ಮಾರಿದವನಿಗೂ ಇದ್ದ ವ್ಯತ್ಯಾಸ ದೊಡ್ಡದೇ. ಆದರೆ ಹಾಡಿಗೆ ಕೊಟ್ಟ ಕೆಲಸ ಒಂದೇ.

ಬ್ರಿಂಕ್ಲಿಯ ಬೆನ್ನು ಹತ್ತಿದವರು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯ ಸಂಪಾದಕ ಮಾರಿಸ್ ಫಿಶ್‌ಬೈನ್. ಆತ ಸಹಿ ಮಾಡಿದ 42 ಮರಣಪತ್ರಗಳು ಕಾನ್ಸಾಸ್ ವೈದ್ಯಮಂಡಳಿಯ ಮುಂದೆ ಬಂದವು. 1930ರಲ್ಲಿ ಮಂಡಳಿ ಆತನ ಪರವಾನಗಿಯನ್ನು ಕಿತ್ತುಕೊಂಡಿತು. ಅದೇ ವರ್ಷ ಕೇಂದ್ರದ ರೇಡಿಯೋ ಆಯೋಗ ನಿಲಯದ ಪರವಾನಗಿ ನವೀಕರಿಸಲು ನಿರಾಕರಿಸಿತು. ಬಾನುಲಿ ತರಂಗ ಸಾರ್ವಜನಿಕರ ಸ್ವತ್ತು, ಒಬ್ಬನ ಅಂಗಡಿಯ ಕಿಟಕಿಯಲ್ಲ ಎಂಬ ಆಯೋಗದ ನಿಲುವನ್ನು 1931ರಲ್ಲಿ ನ್ಯಾಯಾಲಯವೂ ಎತ್ತಿಹಿಡಿಯಿತು. ಅಮೆರಿಕದ ಪ್ರಸಾರ ಕಾನೂನಿನಲ್ಲಿ ಈ ತೀರ್ಪು ಒಂದು ಮೈಲಿಗಲ್ಲು.

ಜನ ಮಾತ್ರ ಬೇರೆಯದೇ ತೀರ್ಪು ಕೊಟ್ಟರು. 1930ರ ಕೊನೆಯಲ್ಲಿ ಬ್ರಿಂಕ್ಲಿ ಕಾನ್ಸಾಸ್ ಗವರ್ನರ್ ಹುದ್ದೆಗೆ ಸ್ಪರ್ಧಿಸಿದ. ಮತಪತ್ರದಲ್ಲಿ ಆತನ ಹೆಸರು ಅಚ್ಚಾಗಿರಲಿಲ್ಲ. ಮತದಾರರು ಕೈಯಾರೆ ಬರೆಯಬೇಕಿತ್ತು, ಅದೂ ನಿಗದಿತ ರೀತಿಯಲ್ಲಿ ಒಂದಕ್ಷರ ತಪ್ಪದಂತೆ. ಹಾಗೆ ಬರೆದ 1,83,278 ಮತಗಳು ಆತನಿಗೆ ಬಿದ್ದವು. ಗೆದ್ದವರಿಗೆ ಬಿದ್ದದ್ದು 2,17,171. ಓದುಬರಹ ತಿಳಿಯದ ಮುಗ್ಧರಷ್ಟೇ ಆತನಿಗೆ ಮರುಳಾದರು ಎಂಬ ವಾದವನ್ನು ಈ ಅಂಕಿ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ವೈದ್ಯರ ಸಂಘ, ಪಟ್ಟಣದ ಪತ್ರಿಕೆ, ಸರ್ಕಾರದ ಆಯೋಗ ಎಲ್ಲವೂ ಒಟ್ಟಾಗಿ ವಿರೋಧಿಸಿದ ಮನುಷ್ಯ ತಮ್ಮ ಕಡೆಯವನೇ ಇರಬೇಕು ಎಂದು ಹಳ್ಳಿಗರು ಭಾವಿಸಿದರು. ಇಂಥ ತರ್ಕ ನಮಗೂ ಅಪರಿಚಿತವಲ್ಲ.

ಕಾನ್ಸಾಸ್ ಮುಚ್ಚಿದ ಬಾಗಿಲನ್ನು ಮೆಕ್ಸಿಕೋ ತೆರೆಯಿತು. ಇದಕ್ಕೆ ಕಾರಣ ಔದಾರ್ಯವಲ್ಲ, ಸಿಟ್ಟು. 1920ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾ ಕುಳಿತು ಉತ್ತರ ಅಮೆರಿಕದ ಮಧ್ಯಮ ತರಂಗದ ಕಂಪನಾಂಕಗಳನ್ನೆಲ್ಲ ತಮ್ಮತಮ್ಮಲ್ಲೇ ಹಂಚಿಕೊಂಡಿದ್ದವು. ಮೆಕ್ಸಿಕೋವನ್ನು ಕೇಳಿದವರೇ ಇಲ್ಲ. ಪಾಲು ಸಿಗದ ದಾಯಾದಿ ಏನು ಮಾಡಿಯಾನು? ಅಮೆರಿಕದ ಮಿತಿಗಳಿಗೆ ಒಳಪಡದ ಭಾರಿ ನಿಲಯಗಳಿಗೆ ಗಡಿಯಂಚಿನಲ್ಲಿ ಅನುಮತಿ ನೀಡಿತು. ಇತ್ತ ಆರ್ಥಿಕ ಕುಸಿತದಿಂದ ಕಂಗೆಟ್ಟಿದ್ದ ಡೆಲ್ ರಿಯೋದ ವರ್ತಕರೂ ಬ್ರಿಂಕ್ಲಿಯನ್ನು ಕೈಬೀಸಿ ಕರೆದರು. 1933ರಲ್ಲಿ ಆತ ಆಸ್ಪತ್ರೆಯನ್ನೂ ಆ ಊರಿನ ಹೋಟೆಲೊಂದಕ್ಕೆ ಸಾಗಿಸಿದ. ರೋಗಿಗಳು ಟೆಕ್ಸಾಸ್‌ನಲ್ಲಿ, ಗೋಪುರ ಮೆಕ್ಸಿಕೋದಲ್ಲಿ, ನಡುವೆ ಒಂದು ಸೇತುವೆ.

ನಿಲಯದ ಶಕ್ತಿಯ ಅಂದಾಜು ಸಿಗಬೇಕಾದರೆ ಒಂದು ಹೋಲಿಕೆ ನೋಡಬಹುದು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದ್ದು 1935ರಲ್ಲಿ, ಕೇವಲ 30 ವ್ಯಾಟ್ ಸಾಮರ್ಥ್ಯದ ಯಂತ್ರದಿಂದ. ಅದೇ ವರ್ಷ ಎಕ್ಸ್‌ಇಆರ್‌ಎ ಎಂಬ ಹೊಸ ಹೆಸರು ಹೊತ್ತ ಬ್ರಿಂಕ್ಲಿಯ ನಿಲಯ ಮುಂದೆ ತಲುಪಿದ ಸಾಮರ್ಥ್ಯ 500 ಕಿಲೋವ್ಯಾಟ್, ಅಂದರೆ ಐದು ಲಕ್ಷ ವ್ಯಾಟ್. ಅಮೆರಿಕದೊಳಗಿನ ನಿಲಯಗಳಿಗೆ ಇದ್ದ ಮೇರೆ 50 ಕಿಲೋವ್ಯಾಟ್. ಅದನ್ನು ದಾಟಲು ಪ್ರಯೋಗಾರ್ಥವಾಗಿ ಅನುಮತಿ ಪಡೆದದ್ದು ಸಿನ್ಸಿನಾಟಿಯ ಒಂದು ನಿಲಯ ಮಾತ್ರ. ಮಧ್ಯಮ ತರಂಗಗಳು ಹಗಲಿನಲ್ಲಿ ನೆಲದ ಮೇಲೆ ಹರಡಿ ಬೇಗ ಕ್ಷೀಣಿಸುತ್ತವೆ. ಸೂರ್ಯ ಮುಳುಗಿದ ಮೇಲೆ ವಾತಾವರಣದ ಮೇಲ್ಪದರದ ಅಯಾನುಗೋಳಕ್ಕೆ ತಗುಲಿ ಮರಳಿ ಬಂದು, ನೂರಾರು ಮೈಲಿ ಆಚೆ ಇಳಿಯುತ್ತವೆ. ಗೋಪುರಗಳನ್ನು ಉತ್ತರ ದಿಕ್ಕಿಗೇ ಹೆಚ್ಚು ಬಲ ಬೀಳುವಂತೆ ಜೋಡಿಸಿದ್ದರಿಂದ ಎಕ್ಸ್‌ಇಆರ್‌ಎ ರಾತ್ರಿಯ ಹೊತ್ತು ಅಮೆರಿಕದ ಬಹುಭಾಗವನ್ನು ದಾಟಿ ಕೆನಡಾದಲ್ಲೂ ಕೇಳಿಸುತ್ತಿತ್ತು. ಸುತ್ತಲಿನ ಹೊಲಗಳ ಮುಳ್ಳುತಂತಿಯ ಬೇಲಿಗಳೂ ಹಾಡುತ್ತಿದ್ದವು ಎಂಬ ಕಥೆಗಳು ಆ ಸೀಮೆಯಲ್ಲಿ ಬಹುಕಾಲ ಚಲಾವಣೆಯಲ್ಲಿದ್ದವು. ದಂತಕಥೆಗಳನ್ನು ದಂತಕಥೆಯೆಂದೇ ಕೇಳೋಣ.

ಅಮೆರಿಕ ಸುಮ್ಮನಿರಲಿಲ್ಲ. ಬ್ರಿಂಕ್ಲಿ ಗಡಿಯ ಈಚೆಯಿಂದಲೇ ದೂರವಾಣಿ ತಂತಿಯ ಮೂಲಕ ಮಾತನಾಡಿ ಆಚೆಯಿಂದ ಪ್ರಸಾರ ಮಾಡುತ್ತಿದ್ದುದನ್ನು ತಡೆಯಲು 1934ರ ಸಂಪರ್ಕ ಕಾಯ್ದೆಯಲ್ಲಿ ಒಂದು ವಿಧಿಯನ್ನೇ ಸೇರಿಸಲಾಯಿತು. ಅನುಮತಿಯಿಲ್ಲದೆ ಅಮೆರಿಕದ ಸ್ಟುಡಿಯೋದಿಂದ ವಿದೇಶಿ ನಿಲಯಕ್ಕೆ ಕಾರ್ಯಕ್ರಮ ರವಾನಿಸುವಂತಿಲ್ಲ ಎನ್ನುವ ಆ ವಿಧಿಗೆ ಆತನ ಹೆಸರೇ ಅಂಟಿಕೊಂಡಿತು. ಆತ ಚಾಪೆಯ ಕೆಳಗೆ ನುಸುಳುವವರ ರಂಗೋಲಿಯ ಕೆಳಗೆ ನುಸುಳಿದ. ಮಾತನ್ನೂ ಹಾಡನ್ನೂ ದೊಡ್ಡ ತಟ್ಟೆಗಳ ಮೇಲೆ ಮುದ್ರಿಸಿ, ತಟ್ಟೆಗಳನ್ನು ಸೇತುವೆ ದಾಟಿಸಿದ. ಈ ತಟ್ಟೆಗಳ ಮಾತು ಮುಂದೆ ಮತ್ತೆ ಬರುತ್ತದೆ.

ಗಡಿಯಾಚೆಯ ಪ್ರಸಾರದ ಸೆಳೆತ ನಮ್ಮ ಹಿರಿಯರಿಗೂ ಗೊತ್ತು. 1952ರಲ್ಲಿ ಬಿ.ವಿ. ಕೇಸ್ಕರ್ ಸಚಿವರಾಗಿ ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ಕಡಿವಾಣ ಬಿದ್ದಾಗ ಕೇಳುಗರು ಮುಳ್ಳನ್ನು ರೇಡಿಯೋ ಸಿಲೋನ್ ಕಡೆಗೆ ತಿರುಗಿಸಿದರು. ಅಲ್ಲಿ ಹಾಡಿನ ಖರ್ಚು ಹೊತ್ತದ್ದು ಬಿನಾಕಾ ಟೂತ್‌ಪೇಸ್ಟ್. ಟೂತ್‌ಪೇಸ್ಟಿನಿಂದ ಯಾರೂ ಸಾಯಲಿಲ್ಲ ಎಂಬುದು ಮಾತ್ರ ಮುಖ್ಯ ವ್ಯತ್ಯಾಸ.

ಇನ್ನು ಹಾಡಿದವರ ಕಡೆಗೆ ಬರೋಣ. ವರ್ಜೀನಿಯಾದ ಅಪಲೇಚಿಯನ್ ಬೆಟ್ಟಸಾಲಿನಲ್ಲಿ 'ಪೂರ್ ವ್ಯಾಲಿ', ಅಂದರೆ ಬಡ ಕಣಿವೆ ಎಂಬ ಅನ್ವರ್ಥನಾಮದ ಜಾಗವೊಂದಿದೆ. ಅಲ್ಲಿಯ ಎ.ಪಿ. ಕಾರ್ಟರ್, ಆತನ ಹೆಂಡತಿ ಸಾರಾ, ಸಾರಾಳ ಸೋದರಸಂಬಂಧಿಯೂ ಎ.ಪಿ.ಯ ತಮ್ಮನ ಹೆಂಡತಿಯೂ ಆದ ಮೇಬೆಲ್, ಈ ಮೂವರು 1927ರ ಆಗಸ್ಟ್‌ನಲ್ಲಿ ಬ್ರಿಸ್ಟಲ್ ಪಟ್ಟಣಕ್ಕೆ ಹೋಗಿ ರಾಲ್ಫ್ ಪಿಯರ್ ಎಂಬ ಧ್ವನಿಮುದ್ರಣಕಾರನ ಮುಂದೆ ಹಾಡಿದರು. ಹಾಡೊಂದಕ್ಕೆ 50 ಡಾಲರ್. ಸಾರಾಳದು ಗಡುಸಾದ ಮಂದ್ರದ ದನಿ. ಮೇಬೆಲ್ ಗಿಟಾರಿನ ದಪ್ಪ ತಂತಿಗಳ ಮೇಲೆ ಹೆಬ್ಬೆರಳಿನಿಂದ ಹಾಡಿನ ಸ್ವರವನ್ನೂ, ತೆಳು ತಂತಿಗಳ ಮೇಲೆ ಬೆರಳಿನಿಂದ ಲಯವನ್ನೂ ಒಟ್ಟಿಗೆ ನುಡಿಸುತ್ತಿದ್ದಳು. ಇಂದು ಗಿಟಾರ್ ಕಲಿಯುವವರೆಲ್ಲ 'ಕಾರ್ಟರ್ ವರಸೆ' ಎಂದು ಕಲಿಯುವುದು ಇದನ್ನೇ. ಎ.ಪಿ. ಊರೂರು ಅಲೆದು ಹಳೆಯ ಹಾಡುಗಳನ್ನು ಸಂಗ್ರಹಿಸಿದ. ಆತನ ಜೊತೆಗಿದ್ದವನು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ. ಎ.ಪಿ. ಪದಗಳನ್ನು ಬರೆದುಕೊಂಡರೆ ರಿಡಲ್ ಧಾಟಿಯನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದ. ತಟ್ಟೆಗಳ ಮೇಲೆ ಅವನ ಹೆಸರು ಬರಲಿಲ್ಲ. ಬಿಳಿಯರ ಗುಡ್ಡಗಾಡು ಸಂಗೀತವೆಂದು ಮಾರಾಟವಾದದ್ದರಲ್ಲಿ ಹೀಗೆ ಹೆಸರಿಲ್ಲದೆ ಬೆರೆತವರು ಇನ್ನೂ ಎಷ್ಟೋ ಮಂದಿ.

ಆರ್ಥಿಕ ಕುಸಿತ ಬಂದಾಗ ರೆಕಾರ್ಡ್ ಕೊಳ್ಳುವವರೇ ಇಲ್ಲವಾದರು. ಮನೆಯೂ ಒಡೆದಿತ್ತು. ಸಾರಾ 1933ರಲ್ಲಿ ಗಂಡನಿಂದ ದೂರವಾಗಿದ್ದಳು. ಎ.ಪಿ.ಯ ಸೋದರಸಂಬಂಧಿ ಕಾಯ್ ಬೇಯ್ಸ್ ಮತ್ತು ಸಾರಾ ನಡುವೆ ಒಲವು ಮೂಡಿತ್ತು. ಸುದ್ದಿ ಹಬ್ಬುತ್ತಲೇ ಬೇಯ್ಸ್ ಕುಟುಂಬ ಕ್ಯಾಲಿಫೋರ್ನಿಯಾಗೆ ಗುಳೆ ಹೋಯಿತು. ಮೂವರೂ ಹಾಡಿನ ಕೆಲಸಕ್ಕಾಗಿ ಮಾತ್ರ ಒಂದಾಗುತ್ತಿದ್ದರು. ಇಂಥ ಹೊತ್ತಿನಲ್ಲಿ, 1938ರಲ್ಲಿ, ಷಿಕಾಗೋದ ಕನ್ಸಾಲಿಡೇಟೆಡ್ ರಾಯಲ್ ಕೆಮಿಕಲ್ ಎಂಬ ಕಂಪನಿಯಿಂದ ಕರೆ ಬಂತು. ಆರು ತಿಂಗಳು ಎಕ್ಸ್‌ಇಆರ್‌ಎಯಲ್ಲಿ ಹಾಡಬೇಕು, ಉಳಿದ ಆರು ತಿಂಗಳು ರಜೆ, ತಲೆಗೆ ವಾರಕ್ಕೆ 75 ಡಾಲರ್, ರಜೆಯಲ್ಲೂ ಸಂಬಳ. ಹಸಿದವರಿಗೆ ಇದು ಹಬ್ಬದೂಟ. ಮೂವರೂ ಟೆಕ್ಸಾಸ್‌ಗೆ ಹೊರಟರು.

ಕಂಪನಿ ಮಾರುತ್ತಿದ್ದುದು ಕೂದಲಿಗೆ ಹಚ್ಚುವ 'ಕೋಲರ್‌ಬ್ಯಾಕ್' ಬಣ್ಣ ಮತ್ತು 'ಪೆರೂನಾ' ಎಂಬ ಶಕ್ತಿವರ್ಧಕ. ಪೆರೂನಾದಲ್ಲಿ ಮದ್ಯಸಾರ ಗಣನೀಯ ಪ್ರಮಾಣದಲ್ಲಿತ್ತೆಂದು 'ಕೋಲಿಯರ್ಸ್' ಪತ್ರಿಕೆ 1905ರಲ್ಲೇ ಬಯಲಿಗೆಳೆದಿತ್ತು. ಅದರ ಪಾಕ ಬದಲಾದರೂ ಹೆಸರು ಉಳಿದುಕೊಂಡಿತ್ತು. ಕೇಳುಗರು ಪೊಟ್ಟಣದ ಮೇಲ್ಭಾಗವನ್ನು ಕತ್ತರಿಸಿ ಕಳುಹಿಸಿದರೆ ಅದಕ್ಕೆ ಪ್ರತಿಯಾಗಿ ಕೊಡುಗೆ. ಯಾವ ಗಾಯಕರ ಹೆಸರಿಗೆ ಎಷ್ಟು ಪೊಟ್ಟಣದ ತುಂಡುಗಳು ಬಂದವು ಎಂಬುದೇ ಅವರ ಜನಪ್ರಿಯತೆಯ ಅಳತೆಗೋಲು. ಸಂಗೀತ ವಿಮರ್ಶೆಗೆ ಇಷ್ಟು ಖಚಿತವಾದ ಮಾನದಂಡ ಬೇರೆಲ್ಲೂ ಇದ್ದಂತಿಲ್ಲ!

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಾರ್ಟರ್ ಕುಟುಂಬದ ಹಾಡು ಗೋಪುರವೇರಿತು. ಅದುವರೆಗೆ ಅವರನ್ನು ಬಲ್ಲವರು ರೆಕಾರ್ಡ್ ಕೊಳ್ಳುವ ಶಕ್ತಿ ಇದ್ದವರು ಮಾತ್ರ. ಈಗ ಬ್ಯಾಟರಿಯಿಂದ ನಡೆಯುವ ಒಂದು ರೇಡಿಯೋ ಇದ್ದ ಯಾವ ಗುಡಿಸಲಿಗಾದರೂ ಅವರು ಬಂದು ಕುಳಿತರು. 1939ರ ಆರಂಭದಲ್ಲಿ ಒಂದು ದಿನ ಸಾರಾ, ಮುಂದಿನ ಹಾಡು ಕ್ಯಾಲಿಫೋರ್ನಿಯಾದಲ್ಲಿರುವ ಗೆಳೆಯ ಕಾಯ್ ಬೇಯ್ಸ್‌ಗೆ ಎಂದು ಹೇಳಿ ವಿರಹದ ಹಾಡೊಂದನ್ನು ಹಾಡಿದಳು. ಎ.ಪಿ. ಅದೇ ಕೋಣೆಯಲ್ಲಿದ್ದ. ಸಾವಿರ ಮೈಲಿಗೂ ಆಚೆ ಬೇಯ್ಸ್ ಅದನ್ನು ಕೇಳಿಸಿಕೊಂಡ, ಟೆಕ್ಸಾಸ್‌ಗೆ ಹೊರಟು ಬಂದ. ಫೆಬ್ರುವರಿ 20ರಂದು ಡೆಲ್ ರಿಯೋದಿಂದ ಅನತಿದೂರದ ಬ್ರಾಕೆಟ್‌ವಿಲ್‌ನಲ್ಲಿ ಇಬ್ಬರೂ ಮದುವೆಯಾದರು. ಎ.ಪಿ. ಆಮೇಲೂ ಆಕೆಯ ಪಕ್ಕದಲ್ಲಿ ನಿಂತು ಹಾಡಿದ. ಒಪ್ಪಂದವಿತ್ತು, ಸಂಬಳವಿತ್ತು. ಮನಸ್ಸಿನಲ್ಲಿ ಏನಿತ್ತೋ ಆತ ಹೆಚ್ಚು ಮಾತನಾಡುವ ಮನುಷ್ಯನಲ್ಲ.

ಆರ್ಕನ್ಸಾದ ಡೈಯೆಸ್ ಎಂಬಲ್ಲಿ, ಸರ್ಕಾರ ಬಡ ರೈತರಿಗೆ ಹಂಚಿದ ಜಮೀನಿನಲ್ಲಿ ಹತ್ತಿ ಬೆಳೆಯುತ್ತಿದ್ದ ಸಂಸಾರವೊಂದರ ಹುಡುಗನೂ ಹೀಗೆ ರಾತ್ರಿಯ ಹೊತ್ತು ರೇಡಿಯೋಗೆ ಕಿವಿಯಾನಿಸಿ ಕೂರುತ್ತಿದ್ದ. 1939ರ ಹೊತ್ತಿಗೆ ಕಾರ್ಟರ್ ಮಕ್ಕಳೂ ಕಾರ್ಯಕ್ರಮದಲ್ಲಿ ಹಾಡತೊಡಗಿದ್ದರು. ಅವರಲ್ಲಿ ಮೇಬೆಲ್‌ಳ ಹತ್ತು ವರ್ಷದ ಮಗಳು ಜೂನ್ ಒಬ್ಬಳು. ಕೇಳುತ್ತಿದ್ದ ಹುಡುಗ ಜಾನಿ ಕ್ಯಾಶ್. 1968ರಲ್ಲಿ ಅವರಿಬ್ಬರ ಮದುವೆಯಾಗುವ ಹೊತ್ತಿಗೆ ಆ ಹುಡುಗ ಅಮೆರಿಕದ ಅತಿ ದೊಡ್ಡ ಗಾಯಕರಲ್ಲಿ ಒಬ್ಬನಾಗಿದ್ದ.

ಅದೇ ಗೋಪುರದಿಂದ ಅದೇ ರಾತ್ರಿಗಳಲ್ಲಿ ಬ್ರಿಂಕ್ಲಿಯ ದನಿಯೂ ಹೊರಡುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಹೋತದ ಶಸ್ತ್ರಚಿಕಿತ್ಸೆಯ ಮೋಹ ಇಳಿದ ಮೇಲೆ ಆತ ಪ್ರಾಸ್ಟೇಟ್ ಗ್ರಂಥಿಯ ಕಡೆ ತಿರುಗಿದ್ದ. ನೂರು ಡಾಲರಿಗೆ ಆತ ಕೊಡುತ್ತಿದ್ದ ಆರು ಸೀಸೆ ಚುಚ್ಚುಮದ್ದಿನಲ್ಲಿ ಇದ್ದದ್ದು ಬಹುಮಟ್ಟಿಗೆ ನೀಲಿ ಬಣ್ಣದ ನೀರು. 1937ರಲ್ಲಿ ಆತನ ವರಮಾನ ಹತ್ತು ಲಕ್ಷ ಡಾಲರ್ ದಾಟಿತ್ತು. ಹಾಡಿಗೆ ಮರುಳಾಗಿ ಮುಳ್ಳು ತಿರುಗಿಸಿದವರಲ್ಲಿ ಎಷ್ಟು ಮಂದಿ ಜಮೀನು ಅಡವಿಟ್ಟು ಡೆಲ್ ರಿಯೋದ ರೈಲು ಹತ್ತಿದರೋ ಅದರ ಲೆಕ್ಕ ಇಟ್ಟವರಿಲ್ಲ. ಬೆಟ್ಟದ ಬಡವರ ಹಾಡನ್ನು ದೇಶಕ್ಕೆ ತಲುಪಿಸಿದ ವಿದ್ಯುತ್ತಿನ ಬಿಲ್ಲನ್ನು ಕಟ್ಟಿದವರು ಈ ರೋಗಿಗಳೂ ಹೌದು. ಈ ಸಂಗೀತದ ಅಭಿಮಾನಿಗಳು ಬರೆದ ಪುಸ್ತಕಗಳಲ್ಲಿ ಬ್ರಿಂಕ್ಲಿ ಒಬ್ಬ ತಮಾಷೆಯ ಮುದುಕನಂತೆ ಕಾಣಿಸಿಕೊಳ್ಳುವುದುಂಟು. ಆ ನಗುವಿನಲ್ಲಿ ಪಾಲುಗೊಳ್ಳುವುದು ನನಗಂತೂ ಕಷ್ಟ.

ಆತನನ್ನು ಕೊನೆಗೆ ಬೀಳಿಸಿದ್ದು ಸ್ವಂತ ಹಮ್ಮು. 1938ರಲ್ಲಿ ಫಿಶ್‌ಬೈನ್ ಆತನನ್ನು ನಕಲಿ ವೈದ್ಯನೆಂದು ಬರೆದಾಗ ಬ್ರಿಂಕ್ಲಿ ಮಾನನಷ್ಟ ಮೊಕದ್ದಮೆ ಹೂಡಿದ. 1939ರಲ್ಲಿ ಡೆಲ್ ರಿಯೋದಲ್ಲೇ ವಿಚಾರಣೆ ನಡೆದು, ಆತನ ಅನ್ನ ಉಂಡ ಊರಿನ ಪಂಚರೇ ಫಿಶ್‌ಬೈನ್ ಬರೆದದ್ದು ಸರಿ ಎಂದರು. ಆಮೇಲೆ ನೊಂದವರ ದಾವೆಗಳು ಒಂದರ ಮೇಲೊಂದು ಬಂದವು. 1941ರಲ್ಲಿ ಆತ ದಿವಾಳಿಯೆದ್ದ. ಅತ್ತ 1937ರಲ್ಲಿ ಹವಾನಾದಲ್ಲಿ ಆದ ಒಪ್ಪಂದದಂತೆ ಮೆಕ್ಸಿಕೋಗೂ ಅದರ ಪಾಲಿನ ಕಂಪನಾಂಕಗಳು ಸಿಕ್ಕಿದವು. 1941ರ ಮಾರ್ಚ್‌ನಲ್ಲಿ ಅದು ಜಾರಿಗೆ ಬಂತು. ಪಾಲು ಸಿಕ್ಕ ಮೇಲೆ ದಾಯಾದಿಗೆ ಗಡಿಯ ಗದ್ದಲ ಬೇಕಿರಲಿಲ್ಲ. ಅದೇ ವರ್ಷ ಎಕ್ಸ್‌ಇಆರ್‌ಎ ನಿಂತಿತು. 1942ರ ಮೇ ತಿಂಗಳಲ್ಲಿ ಬ್ರಿಂಕ್ಲಿ ಸತ್ತ. ಮುಂದೆ ಅದೇ ಊರಿನಲ್ಲಿ ಎಕ್ಸ್‌ಇಆರ್‌ಎಫ್ ಎಂಬ ಇನ್ನೊಂದು ಭಾರಿ ನಿಲಯ ಎದ್ದು, ಹಳ್ಳಿ ಹಾಡನ್ನೂ ಆಮೇಲೆ 1960ರ ದಶಕದಲ್ಲಿ ವುಲ್ಫ್‌ಮನ್ ಜಾಕ್ ಎಂಬ ಅರಚುಗಂಠದ ನಿರೂಪಕನ ರಾಕ್ ಸಂಗೀತವನ್ನೂ ಉತ್ತರಕ್ಕೆ ಎರಚಿತು. ಅದು ಬೇರೆಯೇ ಕಥೆ.

ಕಾರ್ಟರ್ ಮೂವರು ಕೊನೆಯ ಬಾರಿಗೆ ಉತ್ತರ ಕೆರೊಲಿನಾದ ಷಾರ್ಲಟ್ ನಿಲಯದಲ್ಲಿ ಹಾಡಿ, 1943ರಲ್ಲಿ ಬೇರೆಯಾದರು. ಸಾರಾ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದಳು. ಮೇಬೆಲ್ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಹಾಡು ಮುಂದುವರಿಸಿ ನ್ಯಾಶ್‌ವಿಲ್ ಸೇರಿದಳು. 'ಬಿಲ್‌ಬೋರ್ಡ್' ಪತ್ರಿಕೆ ಈ ಸಂಗೀತವನ್ನು 'ಕಂಟ್ರಿ ಅಂಡ್ ವೆಸ್ಟರ್ನ್' ಎಂದು ಕರೆಯತೊಡಗಿದ್ದು 1949ರಲ್ಲಿ. ಗಡಿಯ ನಿಲಯಗಳಿಗಾಗಿ ಸ್ಯಾನ್ ಆಂಟೋನಿಯೋದಲ್ಲಿ ಮುದ್ರಿಸಿದ್ದ ಆ ದೊಡ್ಡ ತಟ್ಟೆಗಳಲ್ಲಿ ಕೆಲವು ಹೇಗೋ ಉಳಿದುಕೊಂಡು, 1990ರ ದಶಕದಲ್ಲಿ ಸಿ.ಡಿ.ಗಳಾಗಿ ಹೊರಬಂದವು. ಮಕ್ಕಳ ಎಳೆದನಿಗಳೂ ಅದರಲ್ಲಿವೆ.

ಎ.ಪಿ. ಮಾತ್ರ ಬಡ ಕಣಿವೆಗೆ ಮರಳಿ ಒಂದು ಕಿರಾಣಿ ಅಂಗಡಿ ತೆರೆದ. 1960ರಲ್ಲಿ ತೀರಿಕೊಂಡ. 1974ರಿಂದ ಆತನ ಮಗಳು ಜಾನೆಟ್ ಅಲ್ಲಿ ಪ್ರತಿ ಶನಿವಾರ ಹಾಡಿನ ಕೂಟ ನಡೆಸತೊಡಗಿದಳು. ವಿದ್ಯುತ್ ವಾದ್ಯಗಳನ್ನು ತರುವಂತಿಲ್ಲ ಎಂಬುದು ಅಲ್ಲಿಯ ಕಟ್ಟಳೆ. ಜಾನಿ ಕ್ಯಾಶ್ ಒಬ್ಬನಿಗೆ ಅದರಿಂದ ವಿನಾಯಿತಿ ಇತ್ತು. ಜೂನ್ 2003ರ ಮೇ ತಿಂಗಳಲ್ಲಿ ತೀರಿಕೊಂಡಳು. ಜುಲೈ 5ರಂದು, ಕಣ್ಣು ಮಂಜಾಗಿ ನಡೆಯಲಾರದಂತಿದ್ದ ಜಾನಿ ಕ್ಯಾಶ್ ಆ ಕಣಿವೆಯ ವೇದಿಕೆಯಲ್ಲಿ ಕುಳಿತು ಹಾಡಿದ. ಜನರೆದುರು ಆತ ಹಾಡಿದ್ದು ಅದೇ ಕೊನೆ.